ಮಗ್ಗಲೋ, ತೊಟ್ಟಿಲೋ? ಒಂದು ರಾತ್ರಿಯ ಪ್ರಶ್ನೆಯ ಚರಿತ್ರೆ

ಬೆಳಗಾವಿಯಲ್ಲಿ ಗೋವಾವೇಸ್ ದಾಟಿದರೆ ಹಿಂದವಾಡಿ. ಮಳೆಗಾಲದ ಒಂದು ರಾತ್ರಿ ಅಲ್ಲಿಯ ಮನೆಯೊಂದರಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಹನ್ನೆರಡು ದಿನದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಳೆ. ತೊಟ್ಟಿಲಿಗೆ ಹಾಕಿದರೆ ಕೂಸಿಗೆ ಎಚ್ಚರ, ಎತ್ತಿಕೊಂಡರೆ ನಿದ್ದೆ. ಗಂಟೆ ಎರಡಾಗಿದೆ.

"ಮಗ್ಗಲಾಗ ಹಾಕ್ಕೊಂಡು ಮಲಗು ಬೇಟಾ. ನಾವೇನು ನಿಮ್ಮನ್ನೆಲ್ಲಾ ಬ್ಯಾರೆ ಖೋಲ್ಯಾಗ ಮಲಗಿಸಿ ಬೆಳಸೀವೇನು?" ಎನ್ನುತ್ತಾರೆ ತಾಯಿ.

"ಒಂದೇ ಹಾಸಿಗ್ಯಾಗ ಮಲಗಿಸಬ್ಯಾಡ್ರಿ ಅಂತ ದವಾಖಾನ್ಯಾಗ ಕೊಟ್ಟ ಕಾಗದದಾಗ ಬರದಾರ ಅಮ್ಮೀ. ನಿದ್ದಿಗಣ್ಣಾಗ ನಾ ಹೊಳ್ಳಿಬಿಟ್ರ?"

ಇದು ಒಂದೇ ಮನೆಯ ಮಾತಲ್ಲ. ಬೆಳಗಾವಿಯ ಬಾಣಂತಿ ಕೋಣೆಗಳಲ್ಲಿ ಕನ್ನಡ, ಮರಾಠಿ, ದಖನಿ, ಕೊಂಕಣಿ ಎಲ್ಲ ಭಾಷೆಗಳಲ್ಲಿಯೂ ಇದೇ ಮಾತು ನಡೆಯುತ್ತದೆ. ಒಂದು ಕಡೆ ಅನುಭವ, ಇನ್ನೊಂದು ಕಡೆ ವಿಜ್ಞಾನ ಎಂದು ನಾವು ಸುಲಭವಾಗಿ ಗೆರೆ ಎಳೆದುಬಿಡುತ್ತೇವೆ. ಆದರೆ ಈ ಪ್ರಶ್ನೆಗೆ ಸಾವಿರಾರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಅಮ್ಮಂದಿರೂ ತಪ್ಪಿದ್ದಾರೆ, ತಜ್ಞರೂ ತಪ್ಪಿದ್ದಾರೆ. ಎರಡೂ ಕಡೆಯ ತಪ್ಪಿಗೆ ಬೆಲೆ ತೆತ್ತವು ಮಾತು ಬಾರದ ಕೂಸುಗಳು.

ಸುಲೈಮಾನರ ಮುಂದೆ ಬಂದ ಮೊಕದ್ದಮೆ

ಮಗ್ಗಲಲ್ಲಿ ಮಲಗಿದ ಕೂಸಿನ ಬಗ್ಗೆ ತಾಯಿಗಿರುವ ಭಯ ಬಹಳ ಹಳೆಯದು. ಒಂದು ಮಗುವಿಗಾಗಿ ಇಬ್ಬರು ಹೆಂಗಸರು ಜಗಳವಾಡಿ ಪ್ರವಾದಿ ಸುಲೈಮಾನ್(ಅ)ರ ಮುಂದೆ ಬಂದ ಕತೆ ನಮಗೆಲ್ಲ ಗೊತ್ತು. ಬೈಬಲ್ಲಿನ ಅರಸುಗಳ ಮೊದಲನೆಯ ಗ್ರಂಥದಲ್ಲಿ ಈ ಕತೆ ಆರಂಭವಾಗುವುದೇ ಇಂಥ ಒಂದು ರಾತ್ರಿಯಿಂದ. ನಿದ್ದೆಯಲ್ಲಿದ್ದ ಒಬ್ಬಳು ತನ್ನ ಕೂಸಿನ ಮೇಲೆ ಹೊರಳಿ ಅದು ಸತ್ತುಹೋಗುತ್ತದೆ. ಅವಳು ಆ ಶವವನ್ನು ಇನ್ನೊಬ್ಬಳ ಮಗ್ಗಲಲ್ಲಿಟ್ಟು ಅವಳ ಜೀವಂತ ಮಗುವನ್ನು ಎತ್ತಿಕೊಳ್ಳುತ್ತಾಳೆ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿಯೂ ಇದೇ ನ್ಯಾಯದ ಪ್ರಸಂಗ ಬರುತ್ತದೆ. ಅಲ್ಲಿ ಮಗುವಿನ ಸಾವಿಗೆ ಕಾರಣ ತಾಯಿಯಲ್ಲ, ಅದನ್ನು ಹೊತ್ತೊಯ್ದ ತೋಳ. ಎರಡರಲ್ಲಿಯೂ ತೀರ್ಪು ಒಂದೇ. ಮಗುವನ್ನು ಕಳೆದುಕೊಂಡರೂ ಸರಿ, ಅದು ಬದುಕಲಿ ಎಂದವಳೇ ನಿಜವಾದ ತಾಯಿ.

ಕತೆಯಿಂದ ಕಾನೂನಿಗೆ ಬರೋಣ. 1197ರಲ್ಲಿ ನಿಧನರಾದ ಬುರ್ಹಾನುದ್ದೀನ್ ಮರ್ಗೀನಾನಿಯವರ 'ಹಿದಾಯ' ಹನಫೀ ಕರ್ಮಶಾಸ್ತ್ರದ ಪ್ರಮುಖ ಗ್ರಂಥ. ಈಸ್ಟ್ ಇಂಡಿಯಾ ಕಂಪೆನಿಯ ನ್ಯಾಯಾಲಯಗಳ ಅನುಕೂಲಕ್ಕಾಗಿ ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಇದನ್ನು ಇಂಗ್ಲಿಷಿಗೆ ತಂದ. ಅದರಲ್ಲಿ ನರಹತ್ಯೆಯನ್ನು ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ವರ್ಗಗಳಾಗಿ ವಿಂಗಡಿಸಲಾಗಿದೆ. ಅವುಗಳಲ್ಲಿ ಒಂದು, 'ಪ್ರಮಾದಕ್ಕೆ ಸಮಾನವಾದುದು'. ಅದಕ್ಕೆ ಕೊಟ್ಟಿರುವ ಉದಾಹರಣೆ, ನಿದ್ದೆಯಲ್ಲಿ ಹೊರಳಿದವನ ಅಡಿಯಲ್ಲಿ ಸಿಕ್ಕು ಇನ್ನೊಬ್ಬ ಸತ್ತದ್ದು.

ಇದರ ಪರಿಣಾಮವೇನು? ನಿದ್ದೆಯಲ್ಲಿದ್ದವರಿಗೆ ಕೊಲ್ಲುವ ಉದ್ದೇಶವಿರಲಿಲ್ಲ, ಹೀಗಾಗಿ ಅವರು ಕೊಲೆಗಾರರಲ್ಲ. ಆದರೆ ಒಂದು ಜೀವ ಹೋಗಿದೆ, ಹೀಗಾಗಿ ಏನೂ ಆಗಿಲ್ಲವೆಂಬಂತೆ ಇರಲಾಗದು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 92ನೇ ಸೂಕ್ತ ಪ್ರಮಾದದ ಹತ್ಯೆಗೆ ಗುಲಾಮನ ವಿಮೋಚನೆಯನ್ನು, ಅದು ಸಾಧ್ಯವಾಗದಿದ್ದರೆ ಸತತ ಎರಡು ತಿಂಗಳ ಉಪವಾಸವನ್ನು ಪ್ರಾಯಶ್ಚಿತ್ತವಾಗಿ ವಿಧಿಸುತ್ತದೆ. ಪರಿಹಾರಧನವನ್ನೂ ಹೇಳುತ್ತದೆ. ಇಂಥ ಪ್ರಕರಣಗಳಲ್ಲಿ ಆ ಪರಿಹಾರಧನದ ಹೊರೆಯನ್ನು ಕರ್ಮಶಾಸ್ತ್ರವು ಹೊರಳಿದ ವ್ಯಕ್ತಿಯೊಬ್ಬನ ಮೇಲೆಯೇ ಹೊರಿಸದೆ ಬಂಧುಬಳಗಕ್ಕೆ ಹಂಚಿತು. ಹೊಣೆ ಇದೆ, ಆದರೆ ಒಂಟಿಯಾಗಿ ಹೊರಬೇಕಿಲ್ಲ ಎಂಬುದು ಇದರ ತಾತ್ಪರ್ಯ. ಇದನ್ನು ನೆನಪಿಟ್ಟುಕೊಳ್ಳೋಣ. ಈ ಲೇಖನದ ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಹಕೀಮರ ತೊಟ್ಟಿಲು

ಹಾಗಾದರೆ ತೊಟ್ಟಿಲು ಪಾಶ್ಚಾತ್ಯರಿಂದ ಬಂದದ್ದೇ? ಖಂಡಿತ ಅಲ್ಲ. ಪ್ರವಾದಿ ಈಸಾ(ಅ) ಮಾತನಾಡಿದ್ದು ತೊಟ್ಟಿಲಿನಿಂದ ಎಂದು ಕುರ್‌ಆನ್ ಹೇಳುತ್ತದೆ. ಅಲ್ಲಿ ಬಳಕೆಯಾದ 'ಮಹ್ದ್' ಎಂಬ ಪದದ ಧಾತುವಿನಿಂದಲೇ, ಭೂಮಿಯನ್ನು ಮನುಷ್ಯರಿಗಾಗಿ ಹಾಸಿದ ಹಾಸಿಗೆ ಎಂದು ವರ್ಣಿಸುವ ಪದವೂ ಬಂದಿದೆ. ಹಾಸಿಗೆ ಮತ್ತು ತೊಟ್ಟಿಲು ಆ ಭಾಷೆಯಲ್ಲಿ ಒಂದೇ ಮನೆತನದ ಮಾತುಗಳು.

ಹತ್ತನೇ ಶತಮಾನದಲ್ಲಿ ಕೈರವಾನಿನ ವೈದ್ಯ ಇಬ್ನುಲ್ ಜಝ್ಝಾರ್ ಮಕ್ಕಳ ಪಾಲನೆಗೆಂದೇ ಒಂದು ಗ್ರಂಥ ಬರೆದರು. ಇಬ್ನು ಸೀನಾ (980-1037) ತಮ್ಮ 'ಅಲ್ ಕಾನೂನ್'ನಲ್ಲಿ ನವಜಾತ ಶಿಶುವಿನ ನಿದ್ದೆಯ ಕುರಿತು ವಿವರವಾಗಿ ಬರೆದಿದ್ದಾರೆ. ಕೋಣೆ ಅತಿ ತಂಪೂ ಅತಿ ಬಿಸಿಯೂ ಆಗಿರಬಾರದು, ಬೆಳಕು ಮಂದವಾಗಿರಬೇಕು, ತಾಯಿಯ ಹಾಲೇ ಶ್ರೇಷ್ಠ ಎನ್ನುತ್ತಾರೆ. ಮಗುವಿಗೆ ಎರಡು ಸಂಗತಿಗಳು ಹಿತ: ಮೆಲ್ಲಗೆ ತೂಗುವುದು ಮತ್ತು ಜೋಗುಳ. ಒಂದು ದೇಹಕ್ಕೆ, ಇನ್ನೊಂದು ಮನಸ್ಸಿಗೆ. ನಮ್ಮ ಚರಕ ಸಂಹಿತೆಯಲ್ಲಿಯೂ 'ಕುಮಾರಾಗಾರ' ಎಂಬ ಮಗುವಿನ ಕೋಣೆಯ ವರ್ಣನೆಯಿದೆ. ಅದರ ಹಾಸಿಗೆ ಹೊದಿಕೆ ಶುಚಿಯಾಗಿರಬೇಕೆಂಬ ಕಾಳಜಿಯಿದೆ.

ಡಂಡಿಯ ಶನಿವಾರ ರಾತ್ರಿಗಳು

ಯುರೋಪಿನಲ್ಲಿ ಈ ಚರಿತ್ರೆ ಇನ್ನಷ್ಟು ಕರಾಳ. ಮಧ್ಯಯುಗದ ಚರ್ಚು ಮಗುವಿನ ಮೇಲೆ ಹೊರಳಿದ ತಂದೆತಾಯಿಗೆ ಪ್ರಾಯಶ್ಚಿತ್ತ ವಿಧಿಸುತ್ತಿತ್ತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಇದಕ್ಕೆ ಒಂದು ಉಪಾಯ ಹುಡುಕಿದ್ದರು. 'ಅರ್ಕೂಚ್ಯೊ' ಎಂಬ ಹೆಸರಿನ ಮರದ ಕಮಾನಿನ ಚೌಕಟ್ಟು ಅದು. ತಾಯಿಯ ಹಾಸಿಗೆಯಲ್ಲಿಯೇ ಕೂಸಿನ ಮೇಲೆ ಅದನ್ನು ಇಡುತ್ತಿದ್ದರು. ತಾಯಿ ಹೊರಳಿದರೂ ಭಾರ ಕಮಾನಿನ ಮೇಲೆ ಬೀಳುತ್ತಿತ್ತು. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇದರ ವರ್ಣನೆ ಅಚ್ಚಾಯಿತು.

1892ರಲ್ಲಿ ಸ್ಕಾಟ್ಲೆಂಡಿನ ಡಂಡಿ ನಗರದ ಪೊಲೀಸ್ ವೈದ್ಯ ಚಾರ್ಲ್ಸ್ ಟೆಂಪಲ್‌ಮನ್ ಒಂದು ವರದಿ ಪ್ರಕಟಿಸಿದ. ಉಸಿರುಗಟ್ಟಿ ಸತ್ತವೆಂದು ದಾಖಲಾದ 258 ಶಿಶುಗಳ ಲೆಕ್ಕ ಅದರಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಸಾವುಗಳು ಸಂಭವಿಸಿದ್ದು ಶನಿವಾರ ರಾತ್ರಿಯಿಂದ ಭಾನುವಾರ ಬೆಳಗಿನೊಳಗೆ. ಶನಿವಾರ ಸಂಬಳದ ದಿನ, ಅಂದರೆ ಕುಡಿತದ ದಿನ. ಡಂಡಿ ನಮ್ಮ ಬಂಗಾಳದ ಸೆಣಬಿನಿಂದ ಬೆಳೆದ ಊರು. ಅಲ್ಲಿಯ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಂಗಸರೇ ಬಹಳ. ಹಗಲಿಡೀ ದುಡಿದ ಹೆಣ್ಣು, ಇಕ್ಕಟ್ಟಿನ ಮನೆ, ಹಲವರು ಒತ್ತಿ ಮಲಗುವ ಹಾಸಿಗೆ, ಹೆಂಡ. ಟೆಂಪಲ್‌ಮನ್ ತನ್ನ ಪಟ್ಟಿಯಲ್ಲಿ ಕುಡಿತ ಮತ್ತು ಇಕ್ಕಟ್ಟಿನ ವಸತಿಯ ಜೊತೆಗೆ ತಾಯಂದಿರ ಅಜ್ಞಾನವನ್ನೂ ಸೇರಿಸಿದ. 1908ರ ಬ್ರಿಟಿಷ್ ಮಕ್ಕಳ ಕಾಯಿದೆ, ಕುಡಿದ ಅಮಲಿನಲ್ಲಿ ಮಲಗಿ ಮಗುವಿನ ಉಸಿರುಗಟ್ಟಿಸುವುದನ್ನು ಅಪರಾಧವಾಗಿಸಿತು. ವಸತಿಯನ್ನು ಸರಿಪಡಿಸುವುದಕ್ಕಿಂತ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಯಾವ ಸರಕಾರಕ್ಕೂ ಅಗ್ಗದ ಕೆಲಸ.

ತಜ್ಞರ ತಪ್ಪು

ಇಪ್ಪತ್ತನೇ ಶತಮಾನದಲ್ಲಿ ಮಗು ತನ್ನದೇ ಮಂಚಕ್ಕೆ, ಎಷ್ಟೋ ಮನೆಗಳಲ್ಲಿ ತನ್ನದೇ ಕೋಣೆಗೆ ಹೋಯಿತು. ಆದರೂ ಆರೋಗ್ಯವಾಗಿದ್ದ ಕೂಸುಗಳು ರಾತ್ರಿ ಮಲಗಿದಲ್ಲಿಯೇ ಸಾಯುವುದು ನಿಲ್ಲಲಿಲ್ಲ. 1969ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಸೇರಿದ ತಜ್ಞರು ಇಂಥ ಸಾವಿಗೆ 'ಹಠಾತ್ ಶಿಶು ಮರಣ' ಎಂಬ ಹೆಸರನ್ನು ಒಪ್ಪಿಕೊಂಡರು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ.

ಒಂದು ಕಾರಣವನ್ನು ತಜ್ಞರೇ ತಂದಿಟ್ಟಿದ್ದರು. ಅಮೆರಿಕದ ಡಾ. ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ 1946ರಲ್ಲಿ ಬಂದು ಲಕ್ಷಾಂತರ ಮನೆಗಳನ್ನು ಸೇರಿತು. 1950ರ ದಶಕದ ಅದರ ಆವೃತ್ತಿಯಲ್ಲಿ ಮಗುವನ್ನು ಬೋರಲು ಮಲಗಿಸುವುದೇ ಒಳ್ಳೆಯದು ಎಂಬ ಸಲಹೆಯಿತ್ತು. ಬೇರೆ ವೈದ್ಯರೂ ಅದನ್ನೇ ಹೇಳಿದರು. ಬೋರಲು ಮಲಗುವ ಕೂಸಿಗೆ ಅಪಾಯ ಹೆಚ್ಚೆಂಬ ಪುರಾವೆಗಳು ಬರುತ್ತಿದ್ದರೂ ಯಾರೂ ಅವನ್ನು ಒಟ್ಟಿಗೆ ಇಟ್ಟು ನೋಡಲಿಲ್ಲ. 1970ರ ಹೊತ್ತಿಗೇ ನೋಡಿದ್ದರೆ ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ 50,000ಕ್ಕೂ ಹೆಚ್ಚು ಶಿಶುಗಳು ಉಳಿಯಬಹುದಿತ್ತೆಂದು 2005ರಲ್ಲಿ ಬ್ರಿಟಿಷ್ ಸಂಶೋಧಕರು ಅಂದಾಜಿಸಿದರು. ಅಂಗಾತ ಮಲಗಿಸಿ ಎಂಬ ಅಭಿಯಾನ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಇಂಥ ಸಾವುಗಳು ಅರ್ಧಕ್ಕೂ ಕೆಳಗೆ ಇಳಿದವು. ಅದಕ್ಕೆ ಹೊಸ ಔಷಧಿ ಬೇಕಾಗಲಿಲ್ಲ, ಯಂತ್ರ ಬೇಕಾಗಲಿಲ್ಲ. ಕೂಸನ್ನು ತಿರುಗಿಸಿ ಮಲಗಿಸಿದರೆ ಸಾಕಾಯಿತು.

ಇನ್ನೊಂದು ಸಂಗತಿಯೂ ಸಂಶೋಧಕರನ್ನು ಯೋಚನೆಗೆ ಹಚ್ಚಿತು. ಬ್ರಿಟನ್ನಿನ ಬ್ರಾಡ್‌ಫರ್ಡ್ ನಗರದಲ್ಲಿ ಪಾಕಿಸ್ತಾನಿ ಮೂಲದ ಕುಟುಂಬಗಳು ಬಹಳ. ಅಲ್ಲಿ ತಾಯಂದಿರು ಮಗುವನ್ನು ಮಗ್ಗಲಲ್ಲಿ ಮಲಗಿಸಿಕೊಳ್ಳುವುದು ಬಿಳಿಯ ಬ್ರಿಟಿಷರಿಗಿಂತ ಹೆಚ್ಚು, ಆದರೆ ಹಠಾತ್ ಶಿಶು ಮರಣ ಅವರಲ್ಲಿಯೇ ಕಡಿಮೆ. 2,560 ಕುಟುಂಬಗಳ ಮಾಹಿತಿಯನ್ನು ಆಧರಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನ ಇದರ ಎಳೆಯನ್ನು ಬಿಡಿಸಿತು. ಆ ತಾಯಂದಿರಲ್ಲಿ ಸಿಗರೇಟು, ಮದ್ಯ ಕಡಿಮೆ. ಮಗುವನ್ನು ಬೇರೆ ಕೋಣೆಯಲ್ಲಿ ಒಂಟಿಯಾಗಿ ಮಲಗಿಸುವುದು ಕಡಿಮೆ. ಸೋಫಾದ ಮೇಲೆ ಮಗುವಿನೊಡನೆ ನಿದ್ದೆ ಹೋಗುವುದೂ ಕಡಿಮೆ.

ಹಾಗೆಂದು ವಿವಾದ ಮುಗಿದಿಲ್ಲ. 2013ರ ಒಂದು ದೊಡ್ಡ ವಿಶ್ಲೇಷಣೆಯು, ಧೂಮಪಾನ ಮದ್ಯಪಾನಗಳಿಲ್ಲದ, ಎದೆಹಾಲುಣಿಸುವ ಮನೆಯಲ್ಲಿಯೂ ಮೊದಲ ಮೂರು ತಿಂಗಳಲ್ಲಿ ಹಾಸಿಗೆ ಹಂಚಿಕೊಂಡರೆ ಅಪಾಯ ಹೆಚ್ಚು ಎಂದಿತು. ಆದರೆ ಅದರದೇ ಲೆಕ್ಕದ ಪ್ರಕಾರ ಅಂಥ ಮನೆಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ 0.08ರಿಂದ 0.23ಕ್ಕೆ ಏರುತ್ತದೆ. 2014ರ ಬ್ರಿಟಿಷ್ ಅಧ್ಯಯನಕ್ಕೆ, ಇತರ ಅಪಾಯಗಳಿಲ್ಲದಿದ್ದರೆ ಗಮನಾರ್ಹ ಹೆಚ್ಚಳ ಕಾಣಲಿಲ್ಲ. ಸೋಫಾದ ಮೇಲೆ ಮಲಗಿದರೆ ಅಥವಾ ಕುಡಿದವರ ಪಕ್ಕದಲ್ಲಿ ಮಲಗಿದರೆ ಮಾತ್ರ ಅಪಾಯ ಸುಮಾರು 18 ಪಟ್ಟು ಕಂಡಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ತನ್ನ ನಿಲುವನ್ನು ಮತ್ತೊಮ್ಮೆ ಹೇಳಿತು: ಕನಿಷ್ಠ ಆರು ತಿಂಗಳು ಮಗು ತಂದೆತಾಯಿಯ ಕೋಣೆಯಲ್ಲಿಯೇ ಇರಲಿ, ಆದರೆ ಹಾಸಿಗೆ ಬೇರೆಯಾಗಿರಲಿ. ಇಲ್ಲಿ ಗಮನಿಸಬೇಕಾದದ್ದು, ಬೇರೆ ಖೋಲಿಯಲ್ಲಿ ಮಲಗಿಸಿ ಎಂದು ಈಗ ತಜ್ಞರೂ ಹೇಳುತ್ತಿಲ್ಲ. ಹಿಂದವಾಡಿಯ ಅಮ್ಮಿಯ ಅರ್ಧ ಮಾತನ್ನು ವಿಜ್ಞಾನ ಒಪ್ಪಿಯಾಗಿದೆ.

ನಮ್ಮ ಸೀಮೆಯ ಹಾಸಿಗೆ

ಉಳಿದ ಅರ್ಧದ ಕತೆಯೇನು? ಅದಕ್ಕೆ ನಮ್ಮ ಕಡೆಯ ಬಾಣಂತಿ ಕೋಣೆಯನ್ನು ನೋಡಬೇಕು.

ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವ ವಾಡಿಕೆ ನಮ್ಮಲ್ಲಿ ಅನೇಕ ಸಮುದಾಯಗಳಲ್ಲಿತ್ತು. ತೊಟ್ಟಿಲಿಗೆ ಹಾಕುವುದು ಒಂದು ಶಾಸ್ತ್ರ, ನಂಟರಿಷ್ಟರು ಸೇರುವ ದಿನ. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ಈ ಭಾಗದಲ್ಲೆಲ್ಲ ಹೆಸರಾದವು. ತೇಗದ ಮರದ ಮೇಲೆ ಚಿತ್ರ ಬರೆದು ಮಾಡುವ ಈ ತೊಟ್ಟಿಲು ಹಲವು ತಲೆಮಾರಿನ ಮಕ್ಕಳನ್ನು ತೂಗಿದೆ. 2018ರಲ್ಲಿ ನಿಧನರಾದ ನಟ ಅಂಬರೀಷ್ ಅವರು ನಟ ಯಶ್ ಅವರ ಮಗುವಿಗೆಂದು ಕಲಘಟಗಿಯ ತೊಟ್ಟಿಲಿಗೆ ಹೇಳಿಟ್ಟಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಹೊಸ ತಲೆಮಾರಿಗೂ ಅದರ ಹೆಸರು ಗೊತ್ತಾಯಿತು. ತೊಟ್ಟಿಲು ಕೊಳ್ಳಲಾಗದವರಿಗೆ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆ ಇತ್ತು.

ರಾತ್ರಿ ಮಾತ್ರ ಕೂಸು ತಾಯಿಯ ಮಗ್ಗಲಿಗೇ ಬರುತ್ತಿತ್ತು. ಆ ಹಾಸಿಗೆ ಎಂಥದ್ದು? ಚಾಪೆಯ ಮೇಲೆ ಹಾಸಿದ ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಖಾನಾಪುರ, ಹಳಿಯಾಳ, ಯಲ್ಲಾಪುರ, ಕಲಘಟಗಿ ತಾಲೂಕುಗಳ ಸಿದ್ದಿ ಹೆಂಗಸರ ಕೈಯಲ್ಲಿ ಈ ಕೌದಿ ಒಂದು ಕಲೆಯಾಗಿಯೇ ಬೆಳೆದಿದೆ. ಆಫ್ರಿಕಾ ಮೂಲದ ಈ ಸಮುದಾಯದಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಎಲ್ಲರೂ ಇದ್ದಾರೆ. ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕೆಲವುಗಳಲ್ಲಿ ಶಿಲುಬೆ ಕಾಣುತ್ತದೆ. ನಾಲ್ಕು ಮೂಲೆಗೆ ಮಾತ್ರ ಎಲ್ಲರೂ 'ಫುಲ' ಎಂಬ ಬಟ್ಟೆಯ ಹೂವನ್ನು ಹೊಲಿಯುತ್ತಾರೆ. ಕೂಸುಗಳಿಗೆಂದೇ ಚಿಕ್ಕ ಕೌದಿಗಳೂ ಇವೆ.

ನೆಲದ ಹಾಸಿಗೆಯಿಂದ ಕೂಸು ಉರುಳಿ ಬೀಳುವ ಭಯವಿಲ್ಲ. ತೆಳುವಾದ ಗಟ್ಟಿ ಹಾಸಿಗೆಯಲ್ಲಿ ಮೂಗು ಹೂತುಹೋಗುವುದಿಲ್ಲ. ಬಾಣಂತಿಯ ಪಕ್ಕದಲ್ಲಿ ಗಂಡ ಮಲಗುವಂತಿರಲಿಲ್ಲ. ಅವಳ ತಾಯಿಯೋ ಅಜ್ಜಿಯೋ ಇರುತ್ತಿದ್ದರು. ಕೂಸು ಅತ್ತರೆ ಎತ್ತಿಕೊಳ್ಳಲು ಎರಡನೆಯ ಜೋಡಿ ಕೈಗಳಿದ್ದವು. ಮಗ್ಗಲಲ್ಲಿ ಮಲಗಿಸುವ ಪದ್ಧತಿ ಎಂದರೆ ಇವೆಲ್ಲ ಸೇರಿದ ಒಂದು ಏರ್ಪಾಡು.

ಹಳೆಯದೆಲ್ಲ ಸರಿಯಾಗಿತ್ತೆಂದು ಹೇಳಲಾಗದು. ಮುಖದ ಮೇಲೆ ಸರಿಯುವ ದಪ್ಪ ಹೊದಿಕೆ ಕೂಸಿಗೆ ಅಪಾಯ. ಬಾಗಿಲು ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದರೆ ಹೊಗೆಯ ವಿಷ ತಾಯಿ ಮಗು ಇಬ್ಬರ ಜೀವವನ್ನೂ ತೆಗೆಯಬಲ್ಲದು. ಮಲಗುವ ಮುನ್ನ ಮನೆಯ ಬೆಂಕಿಯನ್ನು ಆರಿಸಿ ಎಂಬ ಪ್ರವಾದಿವಚನವನ್ನು ನಮ್ಮ ಬಾಣಂತಿ ಕೋಣೆಗಳು ಎಷ್ಟೋ ಸಲ ಮರೆತಿವೆ. ನಿಪ್ಪಾಣಿಯ ತಂಬಾಕಿನ ಸೀಮೆ ನಮ್ಮದು. ಬೀಡಿ ಸೇದಿ ಬಂದು ಕೂಸನ್ನು ಎದೆಗಪ್ಪಿಕೊಳ್ಳುವ ಗಂಡಸರಿಗೂ ಕೊರತೆಯಿಲ್ಲ.

2007ರಲ್ಲಿ ಕರ್ನಾಟಕ ಸರಕಾರ 'ಮಡಿಲು' ಯೋಜನೆಯನ್ನು ಆರಂಭಿಸಿ, ಸರಕಾರಿ ಆಸ್ಪತ್ರೆಯಲ್ಲಿ ಹೆರುವ ಬಡ ತಾಯಂದಿರಿಗೆ 19 ವಸ್ತುಗಳ ಕಿಟ್ ಕೊಡತೊಡಗಿತು. ಸೊಳ್ಳೆಪರದೆ, ಕೂಸಿನ ಸ್ವೆಟರ್, ಟೊಪ್ಪಿಗೆಗಳ ಜೊತೆ ಕೂಸಿಗೊಂದು ಚಿಕ್ಕ ಹಾಸಿಗೆಯೂ ಅದರಲ್ಲಿತ್ತು. ಫಿನ್ಲೆಂಡ್ 1938ರಲ್ಲಿಯೇ ತಾಯಂದಿರಿಗೆ ಇಂಥ ಪೆಟ್ಟಿಗೆ ಕೊಡಲು ತೊಡಗಿತ್ತು. ಅಲ್ಲಿ ಆ ಪೆಟ್ಟಿಗೆಯೇ ಕೂಸಿನ ಮೊದಲ ಮಂಚವಾಗುತ್ತದೆ. ಕೂಸಿಗೆ ತನ್ನದೇ ಒಂದು ಅಂಗೈಯಗಲದ ಜಾಗ ಬೇಕೆಂಬುದನ್ನು ಎರಡೂ ಸರಕಾರಗಳು ಗುರುತಿಸಿದವು.

ಹಾಗಾದರೆ ಏನು ಮಾಡಬೇಕು?

ಈಗ ಹಿಂದವಾಡಿಯ ಕೋಣೆಗೆ ಮರಳೋಣ. ಕೌದಿಯ ಜಾಗದಲ್ಲಿ ಎತ್ತರದ ಮಂಚ, ಮೆತ್ತನೆಯ ಫೋಮ್ ಗಾದಿ, ನಾಲ್ಕು ದಿಂಬು, ದಪ್ಪ ರಜಾಯಿ ಬಂದಿವೆ. ತವರಿನ ತಿಂಗಳುಗಳು ಮುಗಿದರೆ ಮಗಳು ಪುಣೆಯಲ್ಲೋ ದುಬೈಯಲ್ಲೋ ಎರಡು ಕೋಣೆಯ ಫ್ಲಾಟಿನಲ್ಲಿ ಒಂಟಿ. ಪದ್ಧತಿಯ ಹೆಸರು ಉಳಿದಿದೆ, ಪದ್ಧತಿಯನ್ನು ಕಾಪಾಡುತ್ತಿದ್ದ ಏರ್ಪಾಡು ಹೋಗಿದೆ. ಅಮ್ಮಿ ಹೇಳುವ ಮಗ್ಗಲಿಗೂ ಮಗಳ ಮುಂದಿರುವ ಮಗ್ಗಲಿಗೂ ಇರುವ ಅಂತರ ಇದು.

ನ್ಯೂಝಿಲೆಂಡಿನ ಮಾವೊರಿಗಳ ಉದಾಹರಣೆ ಇಲ್ಲಿ ಕಣ್ಣು ತೆರೆಸುತ್ತದೆ. ಅವರಲ್ಲಿ ಕೂಸಿನ ಜೊತೆ ಮಲಗುವುದು ಪರಂಪರೆ. ಆದರೆ ಗರ್ಭಿಣಿಯರಲ್ಲಿ ಧೂಮಪಾನ ಹೆಚ್ಚಾಗಿ ಶಿಶುಗಳು ಸಾಯತೊಡಗಿದ್ದವು. ಜೊತೆಗೆ ಮಲಗಬೇಡಿ ಎಂಬ ಉಪದೇಶ ಯಾರ ಕಿವಿಗೂ ಬೀಳಲಿಲ್ಲ. ಮಾವೊರಿ ವೈದ್ಯ ಡೇವಿಡ್ ಟಿಪೆನೆ-ಲೀಚ್ ಮತ್ತು ನೇಕಾರ ಹೆಂಗಸರು ಸೇರಿ 2006ರಲ್ಲಿ 'ವಹಕುರ' ಎಂಬ ನಾರಿನ ಬುಟ್ಟಿಯನ್ನು ರೂಪಿಸಿದರು. ಅದನ್ನು ತಾಯಿಯ ಹಾಸಿಗೆಯ ಮೇಲೆಯೇ ಇಡುತ್ತಾರೆ. ಕೂಸು ಕೈಯಳತೆಯಲ್ಲಿದೆ, ಆದರೂ ತನ್ನದೇ ಜಾಗದಲ್ಲಿದೆ. ಇಂಥ ಬುಟ್ಟಿ ತೊಟ್ಟಿಲುಗಳನ್ನು ಹಂಚಿ ತಿಳಿವಳಿಕೆ ನೀಡಿದ ಮೇಲೆ, 2009 ಮತ್ತು 2015ರ ನಡುವೆ ಆ ದೇಶದಲ್ಲಿ ಮೊದಲ ವಾರ ದಾಟಿದ ಶಿಶುಗಳ ಮರಣ ಶೇಕಡಾ 29ರಷ್ಟು ಇಳಿಯಿತು. ಫ್ಲಾರೆನ್ಸಿನ ಕಮಾನು, ಮಾವೊರಿಗಳ ಬುಟ್ಟಿ, ನಮ್ಮ ಮೊರ. ಮೂರೂ ಬೇರೆ ಬೇರೆ ದಿಕ್ಕಿನಿಂದ ಒಂದೇ ಉತ್ತರದ ಹತ್ತಿರ ಬಂದಿವೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಮೊದಲ ತಿಂಗಳುಗಳಲ್ಲಿ ಕೂಸು ತಾಯಿಯ ಕೋಣೆಯಲ್ಲಿಯೇ, ಅವಳ ಕೈಗೆ ಎಟಕುವಂತೆ, ತನ್ನದೇ ಚಿಕ್ಕ ಗಟ್ಟಿ ಹಾಸಿಗೆಯಲ್ಲಿ ಅಂಗಾತ ಮಲಗಲಿ. ತಿಂಗಳು ತುಂಬದೆ ಹುಟ್ಟಿದ ಅಥವಾ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು, ಮನೆಯಲ್ಲಿ ಬೀಡಿ ಸಿಗರೇಟು ಇದ್ದರೆ, ತಾಯಿ ನಿದ್ದೆ ಬರಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಒಂದೇ ಹಾಸಿಗೆಗೆ ತರಲೇಬಾರದು. ಇಂಥ ಕಡಿಮೆ ತೂಕದ ಕೂಸನ್ನು ಎಚ್ಚರವಿದ್ದಾಗ ಎದೆಗೆ ಕಟ್ಟಿಕೊಳ್ಳುವ 'ಕಾಂಗರೂ' ಆರೈಕೆ ಬೇರೆಯೇ ಸಂಗತಿ. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಗೆ ಆರಂಭವಾದ ಅದು ಜೀವ ಉಳಿಸುವ ಚಿಕಿತ್ಸೆ. ದಿಲ್ಲಿಯ ಸಫ್ದರ್‌ಜಂಗ್ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಸಿಕ್ಕ ಕೂಸುಗಳ ಮರಣ ಶೇಕಡಾ 15.7ರಿಂದ 12ಕ್ಕೆ ಇಳಿದದ್ದು ಕಂಡುಬಂತು.

ದಣಿದ ತಾಯಿ ಎಂದಾದರೊಂದು ರಾತ್ರಿ ಹಾಲುಣಿಸುತ್ತಲೇ ನಿದ್ದೆ ಹೋಗಿಯೇ ಹೋಗುತ್ತಾಳೆ. ಅದು ಸೋಫಾದ ಮೇಲೆ ಆಗದಿರಲಿ. ದಿಂಬು ರಜಾಯಿಗಳನ್ನು ಸರಿಸಿದ, ನೆಲಕ್ಕೆ ಹತ್ತಿರದ ಗಟ್ಟಿ ಹಾಸಿಗೆಯ ಮೇಲೆ ಆಗಲಿ. ಕೂಸು ಎರಡು ಮೂರು ಗಂಟೆಗೊಮ್ಮೆ ಏಳುವುದು ರೋಗವಲ್ಲ, ದೃಷ್ಟಿಯೂ ಅಲ್ಲ. ಅದರ ಹೊಟ್ಟೆ ಚಿಕ್ಕದು. ಹಗಲು ರಾತ್ರಿಯ ಲೆಕ್ಕ ಅದಕ್ಕೆ ಇನ್ನೂ ಗೊತ್ತಿಲ್ಲ.

ಕೊನೆಯದಾಗಿ, ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಕಾಣಿಸದ ಒಬ್ಬ ವ್ಯಕ್ತಿಯಿದ್ದಾನೆ. ಅವನು ಮಗುವಿನ ತಂದೆ. ಎರಡು ಗಂಟೆಯ ರಾತ್ರಿಯಲ್ಲಿ ಅಮ್ಮಿ ಎದ್ದಿದ್ದಾರೆ, ಮಗಳು ಎದ್ದಿದ್ದಾಳೆ. ಪ್ರವಾದಿ ಮುಹಮ್ಮದ್(ಸ) ನಮಾಝನ್ನು ದೀರ್ಘವಾಗಿ ನಿರ್ವಹಿಸಲು ಬಯಸಿ ನಿಂತಿದ್ದಾಗಲೂ ಕೂಸೊಂದು ಅಳುವುದು ಕೇಳಿಸಿದರೆ ಅದನ್ನು ಮೊಟಕುಗೊಳಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಹಿಂದಿನ ಸಾಲಿನಲ್ಲಿರುವ ತಾಯಿಯ ಸಂಕಟ ಅವರಿಗೆ ತಿಳಿಯುತ್ತಿತ್ತು. ಒಂದು ಕೂಸಿನ ಅಳುವಿಗಾಗಿ ಇಡೀ ಜಮಾಅತಿನ ನಮಾಝ್ ಮೊಟಕಾಗಬಹುದಾದರೆ, ಒಬ್ಬ ಗಂಡಸಿನ ನಿದ್ದೆ ಮೊಟಕಾಗಬಾರದೇ? ಹೊರಳಿ ಸಂಭವಿಸಿದ ಸಾವಿನ ಪರಿಹಾರದ ಹೊರೆಯನ್ನು ಬಂಧುಬಳಗಕ್ಕೆ ಹಂಚಿದ ನಮ್ಮ ಕರ್ಮಶಾಸ್ತ್ರಜ್ಞರಿಗೆ ತಿಳಿದಿದ್ದ ಮಾತು ಇದೇ. ಆ ಹೊರೆಯನ್ನು ಸಾವಿಗೆ ಮುಂಚೆಯೇ, ಪ್ರತಿ ರಾತ್ರಿ ಹಂಚಿಕೊಂಡರೆ ಮಗ್ಗಲೋ ತೊಟ್ಟಿಲೋ ಎಂಬ ಪ್ರಶ್ನೆಯ ಭಯ ಬಹುಮಟ್ಟಿಗೆ ಇಳಿಯುತ್ತದೆ. ಎದ್ದು ಕೂಸನ್ನು ಎತ್ತಿಕೊಂಡು, ಹೆಂಡತಿಗೆ "ನೀನು ಮಲಗು, ನಾನಿದ್ದೇನೆ" ಎನ್ನಲು ಅವನಿಗೆ ಯಾವ ಆಸ್ಪತ್ರೆಯ ಕಾಗದವೂ ಬೇಕಿಲ್ಲ.